ಅಳಿವೆ, ಡೆಲ್ಟಾ, ಕಡಲು: ಸಂಶೋಧನೆಗೆ ಫೆಲೋಶಿಪ್ ಹುಡುಕುತ್ತಿದ್ದೇನೆ, ದಾರಿ ಹೇಳಿ

ಬಳಚು_ಹುಡುಗಿ
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಮರೈನ್ ಬಯಾಲಜಿ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಊರು ಕುಮಟಾ ಹತ್ತಿರ. ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಸಿಗುವ ಬಳಚು ಅನ್ನುವ ಚಿಪ್ಪಿಯ ಮೇಲೆ ಪಿಎಚ್‌.ಡಿ ಮಾಡುವ ಆಸೆ. ಮಳೆಗಾಲದಲ್ಲಿ ನೀರಿನ ಉಪ್ಪು ಇಳಿದಾಗ ಮರಿ ಬಳಚು ಎಷ್ಟು ಉಳಿಯುತ್ತದೆ, ಮಳೆ ನಿಂತ ಮೇಲೆ ಮತ್ತೆ ಎಲ್ಲಿ ಕೂರುತ್ತದೆ ಅನ್ನೋದು ನನ್ನ ಪ್ರಶ್ನೆ. ಮನೆಯಿಂದ ದುಡ್ಡು ಕೇಳುವ ಸ್ಥಿತಿ ಇಲ್ಲ. ಫೆಲೋಶಿಪ್ ಇಲ್ಲದೆ ಆಗುವ ಮಾತಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡೆಲ್ಟಾ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗಳಿಗೇ ಅಂತ ಒಂದು ಫೆಲೋಶಿಪ್ ಇದೆಯಂತೆ, ಗೆಳತಿ ಹೇಳಿದಳು. ನಮ್ಮಲ್ಲಿ ಅಂಥದ್ದು ಏನಾದರೂ ಇದೆಯಾ? ಎಲ್ಲಿಂದ ಶುರು ಮಾಡಲಿ?

ಕೋಡಿಬಾಗ್_ಹಳಬ
ತಂಗಿ, ಮೊದಲು ಹೊಟ್ಟೆಪಾಡು ನೋಡಿಕೋ. ಸಿಎಸ್‌ಐಆರ್-ಯುಜಿಸಿ ನೆಟ್ ಅನ್ನುವ ರಾಷ್ಟ್ರೀಯ ಪರೀಕ್ಷೆ ಬರೆದು ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ತಗೋ. ಪರೀಕ್ಷೆ ವರ್ಷಕ್ಕೆ ಎರಡು ಸಲ. 2023ರ ಜನವರಿಯಿಂದ ಲೆಕ್ಕ ಹೀಗೆ: ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದರೆ 42,000. ಮನೆಬಾಡಿಗೆ ಭತ್ಯೆ ಬೇರೆ. ಇದಕ್ಕಿಂತ ಗಟ್ಟಿ ದಾರಿ ಇಲ್ಲ. ಯಾಕೆಂದರೆ ಹಣ ನಿನ್ನ ಹೆಸರಿಗೆ ಬರುತ್ತದೆ, ಗೈಡ್ ಹೆಸರಿಗಲ್ಲ. ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಬೇಡ ಅನ್ನುವವರು ಕಡಿಮೆ.

ನಿನಗೆ ಲೈಫ್ ಸೈನ್ಸಸ್ ಪೇಪರ್ ಸರಿ. ಅದರಲ್ಲಿ ಸಮುದ್ರ ಇರೋದು ಚೂರು, ಮಾಲಿಕ್ಯುಲರ್ ಬಯಾಲಜಿ ರಾಶಿ. ಬೇಜಾರು ಮಾಡ್ಕೋಬೇಡ. ಮಣ್ಣು, ಹೂಳು, ಅಲೆ ಇಂಥದ್ದು ಓದಿದವರಿಗೆ ಭೂವಿಜ್ಞಾನದ ಪೇಪರ್ ಬೇರೆ ಇದೆ, ಸಾಗರ ವಿಜ್ಞಾನ ಅದರೊಳಗೇ ಬರುತ್ತದೆ.

ವಿಶ್ವವಿದ್ಯಾಲಯಕ್ಕೆ ಮೊದಲ ರ್‍ಯಾಂಕ್ ಬಂದರೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಇನ್ಸ್‌ಪೈರ್ ಫೆಲೋಶಿಪ್‌ಗೂ ಅರ್ಜಿ ಹಾಕಬಹುದು. ನಮ್ಮಂಥ ಸಣ್ಣ ವಿಭಾಗದವರು ಇದನ್ನು ಮರೆತೇ ಬಿಡುತ್ತಾರೆ. ಹತ್ತು-ಹನ್ನೆರಡು ಜನರ ಕ್ಲಾಸಿನಲ್ಲಿ ಮೊದಲು ಬಂದರೂ ರ್‍ಯಾಂಕ್ ರ್‍ಯಾಂಕೇ ಅಲ್ವಾ. ರಾಜ್ಯದ ವಿಜ್ಞಾನ-ತಂತ್ರಜ್ಞಾನ ಸೊಸೈಟಿ ಕೆಸ್ಟೆಪ್ಸ್ ಕೂಡ ವಿಜ್ಞಾನದ ಪಿಎಚ್‌.ಡಿ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕರೆಯುತ್ತದೆ, ಅದರ ಮೇಲೂ ಒಂದು ಕಣ್ಣಿರಲಿ. ಎಸ್‌ಸಿ, ಎಸ್‌ಟಿ, ಒಬಿಸಿ ಆಗಿದ್ದರೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳು ಬೇರೆ.

ನಾಲ್ಕನೇ_ಸಲ_ನೆಟ್
"ಮೊದಲು ನೆಟ್ ಬರಿ" ಅಂತ ಎಷ್ಟು ಸಲೀಸಾಗಿ ಹೇಳಿದಿರಿ ಸರ್ 🙏

ಮೀನುಶಾಲೆ
ಫಿಶರೀಸ್ ಓದಿದವರಿಗೆ ದಾರಿ ಬೇರೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರದ್ದು, ಬೀದರ್‌ನ ಪಶು ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಅಲ್ಲಿ ಮತ್ತು ಮುಂಬೈನ ಮೀನುಗಾರಿಕೆ ಶಿಕ್ಷಣ ಸಂಸ್ಥೆ ಸಿಐಎಫ್‌ಇಯಲ್ಲಿ ಐಸಿಎಆರ್ (ಕೃಷಿ ಸಂಶೋಧನಾ ಮಂಡಳಿ) ಪರೀಕ್ಷೆಯ ಮೂಲಕ ಫೆಲೋಶಿಪ್ ಸಿಗುತ್ತದೆ. ಎಂ.ಎಸ್ಸಿಯವರು ಸೇರುವ ಮೊದಲು ಅರ್ಹತೆಯ ಸಾಲನ್ನು ಚೆನ್ನಾಗಿ ಓದಿ. ಬಹಳ ಕಡೆ ಎಂ.ಎಫ್‌.ಎಸ್ಸಿಯೇ (ಮೀನುಗಾರಿಕೆಯ ಸ್ನಾತಕೋತ್ತರ ಪದವಿ) ಬೇಕು ಅನ್ನುತ್ತಾರೆ.

ಇನ್ನೊಂದು: ಗೋವಾದ ಎನ್‌ಐಒ, ಹೈದರಾಬಾದಿನ ಇನ್‌ಕಾಯ್ಸ್, ಚೆನ್ನೈನ ಎನ್‌ಸಿಸಿಆರ್, ಕೊಚ್ಚಿಯ ಸಿಎಂಎಲ್‌ಆರ್‌ಇ, ಎಲ್ಲ ಕಡಲು ಸಂಶೋಧನೆಯ ಸಂಸ್ಥೆಗಳು, ಇವುಗಳ ಜಾಲತಾಣ ವಾರಕ್ಕೊಮ್ಮೆ ನೋಡಿ. ಪ್ರಾಜೆಕ್ಟ್ ಹುದ್ದೆಗಳಿಗೆ ಕರೆ ಬರುತ್ತಿರುತ್ತದೆ. ಪ್ರಾಜೆಕ್ಟ್ ಮುಗಿದರೆ ಸಂಬಳವೂ ಮುಗಿಯಿತು, ಅದು ಗೊತ್ತಿರಲಿ. ಆದರೆ ಹಡಗು ಹತ್ತುವ ಅವಕಾಶ ಅಲ್ಲಿ ಜಾಸ್ತಿ. ಎನ್‌ಐಒದ ಸಿಂಧು ಸಾಧನಾ, ಕೊಚ್ಚಿಯವರ ಸಾಗರ ಸಂಪದಾ. ಕಡಲು ಓದಿ ಕಡಲಿಗೇ ಹೋಗದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ ಮಾರಾಯ್ರೆ.

ಡೇವಿಸ್‌ನಿಂದ
ಕ್ಯಾಲಿಫೋರ್ನಿಯಾದ ವಿಷಯ ಕೇಳಿದಿರಲ್ಲ, ಅದಕ್ಕೆ ನಾನು ಹೇಳುತ್ತೇನೆ. ಆ ಡೆಲ್ಟಾ ನನ್ನ ಮನೆಯಿಂದ ದೂರ ಇಲ್ಲ.

ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕೀನ್ ನದಿಗಳು ಸೇರುವ ಜಾಗ ಅದು. ಸುಮಾರು 1,100 ಮೈಲಿ ಮಣ್ಣಿನ ಏರಿ ಕಟ್ಟಿ ಜೌಗನ್ನು ಹೊಲ ಮಾಡಿದ್ದಾರೆ. ಒಣಗಿದ ಕೊಳೆಮಣ್ಣು ಗಾಳಿಗೆ ಕರಗುತ್ತಾ ಬಂದು ಕೆಲವು ದ್ವೀಪಗಳ ನೆಲ ಈಗ ಸಮುದ್ರ ಮಟ್ಟಕ್ಕಿಂತ 15 ಅಡಿಗೂ ಕೆಳಗಿದೆ. ಏರಿ ಮೇಲೆ ನಿಂತರೆ ಒಂದು ಕಡೆ ನೀರು ಕಾಲ ಹತ್ತಿರ, ಇನ್ನೊಂದು ಕಡೆ ಹೊಲ ಎಷ್ಟೋ ಕೆಳಗೆ. ರಾಜ್ಯದ ಸುಮಾರು 2.7 ಕೋಟಿ ಜನರ ನೀರಿನಲ್ಲಿ ಒಂದು ಪಾಲು ಇಲ್ಲಿಂದಲೇ ಹೋಗುತ್ತದೆ. ದಕ್ಷಿಣಕ್ಕೆ ದೊಡ್ಡ ಪಂಪುಗಳಲ್ಲಿ ಎತ್ತುತ್ತಾರೆ.

ಇದೇ ಡೆಲ್ಟಾದಲ್ಲಿ ಡೆಲ್ಟಾ ಸ್ಮೆಲ್ಟ್ ಅನ್ನುವ ಬೆರಳುದ್ದದ ಮೀನಿದೆ. ಬೇರೆಲ್ಲೂ ಇಲ್ಲ. ಬಹುತೇಕ ಒಂದೇ ವರ್ಷದ ಬದುಕು. ಹಿಡಿದರೆ ಸೌತೆಕಾಯಿ ವಾಸನೆ. 1993ರಲ್ಲಿ ಅದನ್ನು ಅಪಾಯದಲ್ಲಿರುವ ಜೀವಿ ಅಂತ ಕಾನೂನಿನ ಪಟ್ಟಿಗೆ ಸೇರಿಸಿದರು. ಅಲ್ಲಿಂದ ಪಂಪು ಎಷ್ಟು ಹೊತ್ತು ಓಡಬೇಕು ಅನ್ನೋದಕ್ಕೂ ಈ ಮೀನಿಗೂ ಗಂಟು ಬಿತ್ತು. ರೈತರು, ನಗರಗಳು, ಮೀನುಗಾರರು, ಎಲ್ಲರೂ ಕೋರ್ಟಿನಲ್ಲಿ.

2009ರ ಕಾನೂನಿನಿಂದ ಡೆಲ್ಟಾ ನೋಡಿಕೊಳ್ಳಲು ಡೆಲ್ಟಾ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಅನ್ನುವ ರಾಜ್ಯದ ಸಂಸ್ಥೆ ಬಂತು. ಅವರ ಹಣ, ಕ್ಯಾಲಿಫೋರ್ನಿಯಾ ಸೀ ಗ್ರಾಂಟ್‌ನವರ ನಿರ್ವಹಣೆ. ಪಿಎಚ್‌.ಡಿ ಮಾಡುವವರಿಗೆ, ಪೋಸ್ಟ್‌ಡಾಕ್‌ಗಳಿಗೆ (ಪಿಎಚ್‌.ಡಿ ಮುಗಿಸಿದ ಸಂಶೋಧಕರಿಗೆ) ಡೆಲ್ಟಾ ಸೈನ್ಸ್ ಫೆಲೋಶಿಪ್ ಕೊಡುತ್ತಾರೆ. ನನಗೆ ಇದರಲ್ಲಿ ಇಷ್ಟವಾದದ್ದು ಎರಡು. ಡೆಲ್ಟಾ ನಿರ್ವಹಣೆಗೆ ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಮೊದಲೇ ಒಂದು ಪಟ್ಟಿ ಮಾಡಿ ಹೊರಗಿಡುತ್ತಾರೆ. 2022ರಿಂದ 2026ರದ್ದು ಒಂದು ಪಟ್ಟಿ ಇದೆ. ನಿಮ್ಮ ಅರ್ಜಿ ಅದಕ್ಕೆ ಹೊಂದಬೇಕು. ಇನ್ನೊಂದು, ಮಾರ್ಗದರ್ಶಕರು ಇಬ್ಬರು ಬೇಕು. ಒಬ್ಬರು ನಿಮ್ಮ ಪ್ರೊಫೆಸರ್. ಇನ್ನೊಬ್ಬರು ವಿಶ್ವವಿದ್ಯಾಲಯದ ಹೊರಗಿನವರು, ನಿಮ್ಮ ಫಲಿತಾಂಶವನ್ನು ನಿಜವಾಗಿ ಬಳಸುವ ಇಲಾಖೆ ಅಥವಾ ಸಂಸ್ಥೆಯವರು.

ಕುಮಟಾದಿಂದ ನೇರವಾಗಿ ಅರ್ಜಿ ಹಾಕುವ ಫೆಲೋಶಿಪ್ ಅಲ್ಲ ಇದು. ಇಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲಿನ ಮಾತು. ನಿಮಗೆ ಹತ್ತಿರದ್ದು ಫುಲ್‌ಬ್ರೈಟ್-ನೆಹರು ಡಾಕ್ಟೋರಲ್. ಭಾರತದಲ್ಲಿ ಪಿಎಚ್‌.ಡಿಗೆ ನೋಂದಾಯಿಸಿದವರು ಆರರಿಂದ ಒಂಬತ್ತು ತಿಂಗಳು ಇಲ್ಲಿ ಬಂದು ಕೆಲಸ ಮಾಡಬಹುದು. ಯುರೋಪ್ ಆದರೆ ಐಎಂಬಿಆರ್‌ಸೀ (IMBRSea) ಅನ್ನುವ ಎರಾಸ್ಮಸ್ ಮುಂಡಸ್ ಮಾಸ್ಟರ್ಸ್ ಇದೆ, ಬೆಲ್ಜಿಯಂನ ಗೆಂಟ್‌ನವರು ನಡೆಸೋದು. ಆದರೆ ಮತ್ತೆ ಎಂ.ಎಸ್ಸಿ ಮಾಡಬೇಕು.

ಬಳಚು_ಹುಡುಗಿ
ತುಂಬಾ ಥ್ಯಾಂಕ್ಸ್ ಸರ್. ಆ ಡೆಲ್ಟಾದಲ್ಲೂ ಚಿಪ್ಪಿಯ ಸಮಸ್ಯೆ ಏನೋ ಇದೆ ಅಂತ ಓದಿದ ನೆನಪು?

ಡೇವಿಸ್‌ನಿಂದ
ಇದೆ. ಆದರೆ ನಿಮ್ಮದಕ್ಕೆ ಪೂರಾ ಉಲ್ಟಾ. 1986ರಲ್ಲಿ ಪೂರ್ವ ಏಷ್ಯಾದ ಒಂದು ಚಿಪ್ಪಿ ಇಲ್ಲಿ ಕಾಣಿಸಿಕೊಂಡಿತು, ಹಡಗುಗಳು ತೂಕಕ್ಕೆ ತುಂಬಿಕೊಳ್ಳುವ ಬ್ಯಾಲಸ್ಟ್ ನೀರಿನಲ್ಲಿ ಬಂದಿರಬೇಕು ಅನ್ನುತ್ತಾರೆ. ತಳದಲ್ಲಿ ಕೂತು ನೀರು ಸೋಸಿ ಸೋಸಿ ಸಸ್ಯ ಪ್ಲವಕವನ್ನೆಲ್ಲ (ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನೆಲ್ಲ) ತಿಂದುಬಿಡುತ್ತದೆ. ಅದನ್ನು ತಿನ್ನುವ ಸಣ್ಣ ಜೀವಿಗಳಿಗೆ ಇಲ್ಲ, ಅವನ್ನು ತಿನ್ನುವ ಮೀನಿಗೂ ಇಲ್ಲ. ನಿಮ್ಮಲ್ಲಿ ಚಿಪ್ಪಿ ಕಮ್ಮಿಯಾದರೆ ಸಂಕಟ, ಇಲ್ಲಿ ಜಾಸ್ತಿಯಾಗಿ ಸಂಕಟ. ಎರಡು ಕಡೆಯೂ ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ಸಿಹಿನೀರು ಎಷ್ಟು, ಯಾವಾಗ ಬರುತ್ತದೆ?

ಸುಮ್ನೆ_ಕೇಳಿದೆ
ಇದೆಲ್ಲ ಓದೋಕೆ ಚೆಂದ. ನಮ್ಮಲ್ಲಿ ನಡೆಯಲ್ಲ. ಕ್ಯಾಲಿಫೋರ್ನಿಯಾದವರು ಡೆಲ್ಟಾದ ಮೇಲಿನ ಪ್ರೀತಿಗೆ ಹಣ ಹಾಕಿದ್ದಲ್ಲ. ನೀರಿಗಾಗಿ ಹೊಡೆದಾಟ, ಕೋರ್ಟು ತೀರ್ಪು ಕೊಡೋಕೆ ಲೆಕ್ಕ ಬೇಕು, ಅದಕ್ಕೆ ವಿಜ್ಞಾನಕ್ಕೆ ದುಡ್ಡು. ನಮ್ಮ ಫೆಲೋಶಿಪ್‌ಗಳು ವಿದ್ಯಾರ್ಥಿಯನ್ನು ಸಾಕುತ್ತವೆ. ನದಿಯ ಪ್ರಶ್ನೆ ಏನು ಅಂತ ಯಾರೂ ಕೇಳಲ್ಲ.

ಮಂಡ್ಯದ_ಕಡೆಯೋನು
ಹೊಡೆದಾಟ ನಮ್ಮಲ್ಲಿ ಇಲ್ವಾ ಗುರುವೇ? 😀

ನಾನು ಕೆಲಸ ಮಾಡಿದ್ದು ತಮಿಳುನಾಡಿನ ಪರಂಗಿಪೇಟೆ ಕಡೆ. ಅಣ್ಣಾಮಲೈ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಕೇಂದ್ರ ಅಲ್ಲಿದೆ. ಪಕ್ಕದಲ್ಲೇ ಪಿಚಾವರಂ ಮ್ಯಾಂಗ್ರೋವ್ ಕಾಡು, ಅದರ ದಕ್ಷಿಣಕ್ಕೆ ಕಾವೇರಿಯ ಕವಲು ಕೊಳ್ಳಿಡಂ. ಅಂದರೆ ಕೊಡಗಿನಲ್ಲಿ ಬಿದ್ದ ಮಳೆ ಕಡಲು ಸೇರುವ ಬಾಗಿಲು. ನಾನು ಮಂಡ್ಯದವನು ಅಂತ ಗೊತ್ತಾದಾಗ ಅಲ್ಲಿನ ಅಂಗಡಿಯವರು "ಈ ಸಲ ನೀರು ಬಿಡ್ತೀರಾ?" ಅಂತ ಕೇಳೋರು, ಕೆಆರ್‌ಎಸ್ ಬೀಗದ ಕೈ ನನ್ನ ಜೇಬಲ್ಲೇ ಇದ್ದ ಹಾಗೆ.

2007ರ ಕಾವೇರಿ ನ್ಯಾಯಮಂಡಳಿ ತೀರ್ಪು ತೆಗೆದು ನೋಡಿ. 740 ಟಿಎಂಸಿ ಹಂಚಿದ್ದಾರೆ. ಅದರಲ್ಲಿ ಪರಿಸರಕ್ಕೆ 10, ತಡೆಯಲಾಗದೆ ಸಮುದ್ರಕ್ಕೆ ಹರಿಯುವುದು ಅಂತ 4. ಅಷ್ಟೆ. ಡೆಲ್ಟಾದ ತುದಿಯಲ್ಲಿರುವ ಕಾಡಿಗೆ, ಸಿಗಡಿಗೆ, ಅಂತರ್ಜಲಕ್ಕೆ ಎಷ್ಟು ನೀರು, ಯಾವ ತಿಂಗಳಲ್ಲಿ ಬೇಕು ಅನ್ನೋದು ಚರ್ಚೆಗೇ ಬರಲ್ಲ. "ಸಮುದ್ರಕ್ಕೆ ಹೋಗಿ ವ್ಯರ್ಥವಾಗುವ ನೀರು" ಅನ್ನೋ ಮಾತನ್ನು ಎರಡೂ ರಾಜ್ಯದವರು ಒಂದೇ ರಾಗದಲ್ಲಿ ಹೇಳುತ್ತಾರೆ. ಒಮ್ಮತ ಇರೋದು ಅದೊಂದರಲ್ಲೇ. ಅದನ್ನು ಅಳೆದು ತೋರಿಸೋಕೆ ಪಿಎಚ್‌.ಡಿ ಮಕ್ಕಳಲ್ಲದೆ ಇನ್ಯಾರು ಹೋಗ್ತಾರೆ?

ಸುಮ್ನೆ_ಕೇಳಿದೆ
740ರಲ್ಲಿ 14 ಅಂತ ಗೊತ್ತಿರಲಿಲ್ಲ. ಸರಿ, ಜಗಳ ಇದೆ ಅಂತ ಒಪ್ಪಿದೆ. ಹಣ ಇಲ್ಲ ಅನ್ನೋದನ್ನು ನೀವೂ ಒಪ್ಪಿ.

ಗಜನಿ_ಗದ್ದೆ
ನಾನು ಸಂಶೋಧಕ ಅಲ್ಲ. ಅಘನಾಶಿನಿ ದಂಡೆಯವನು. ನಮ್ಮ ಕಡೆಗೆ ಬರುವ ವಿದ್ಯಾರ್ಥಿಗಳನ್ನು ನೋಡುತ್ತಾ ಬಂದಿದ್ದೇನೆ, ಅದಕ್ಕೆ ನಾಲ್ಕು ಮಾತು.

ತಂಗಿಯ ಪ್ರಶ್ನೆ ಒಳ್ಳೆಯದು. ಇಲ್ಲಿ ಬಳಚು ತೆಗೆದು ಬದುಕುವವರು ಎರಡು ಸಾವಿರಕ್ಕೂ ಹೆಚ್ಚು ಜನ ಅಂತ ಐಐಎಸ್‌ಸಿಯವರು ಹಿಂದೆ ಲೆಕ್ಕ ಮಾಡಿದ್ದರು. ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಮೊಣಕಾಲು ನೀರಿನಲ್ಲಿ ಕೂತರೆ ಭರತ ಬರುವವರೆಗೆ ಏಳುವುದಿಲ್ಲ. ಕಾಲಿನಲ್ಲೇ ತಡವಿ ಇದು ಮರಿ, ಇದು ದೊಡ್ಡದು ಅಂತ ಹೇಳುತ್ತಾರೆ. ಅವರನ್ನು ಕೇಳದೆ ಸ್ಯಾಂಪಲ್ ಜಾಗ ಗುರುತು ಹಾಕಬೇಡ. ಮ್ಯಾಪಿನಲ್ಲಿ ಚೌಕ ಹಾಕಿಕೊಂಡು ಬಂದವರು ಬಹಳ ಸಲ ಬರೀ ಕೆಸರು ತೆಗೆದುಕೊಂಡು ಹೋಗಿದ್ದಾರೆ.

ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ಆ ಲಯ ಇನ್ನೂ ಉಳಿದಿದೆ. ಪಕ್ಕದ ಶರಾವತಿಯಲ್ಲಿ 1964ರಿಂದ ಲಿಂಗನಮಕ್ಕಿ ಇದೆ. ವಿದ್ಯುತ್ ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿಯುತ್ತದೆ, ಹೊನ್ನಾವರದ ಅಳಿವೆಗೆ ಉಪ್ಪು ಸಾಲದು, ಅಲ್ಲಿ ಚಿಪ್ಪಿ ಹೋಯಿತು ಅಂತ ಹಿರಿಯರು ಹೇಳುತ್ತಾರೆ. ಐಐಎಸ್‌ಸಿಯವರ ಅಧ್ಯಯನಗಳೂ ಅದನ್ನೇ ಹೇಳಿವೆ. ಒಂದೇ ತಾಲೂಕು ದಾಟಿದರೆ ಹೋಲಿಸಿ ನೋಡಲು ಎರಡು ಹೊಳೆ. ಇಂಥ ಜಾಗ ಎಲ್ಲರಿಗೂ ಸಿಗುವುದಿಲ್ಲ.

2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬೋರ್ಡು ಬಂತು, ಭಾಷಣ ಆಯಿತು. ಇನ್ನೊಂದು ಕಡೆ ಬೇಡ್ತಿ-ವರದಾ, ಅಘನಾಶಿನಿ-ವೇದಾವತಿ ಅಂತ ನೀರು ತಿರುಗಿಸುವ ಮಾತು ನಡೆಯುತ್ತಲೇ ಇದೆ. ಡೇವಿಸ್‌ನ ಅಣ್ಣ ಹೇಳಿದ ಪ್ರಶ್ನೆಪಟ್ಟಿ ನಮ್ಮಲ್ಲಿ ಸರ್ಕಾರ ಮಾಡಿಲ್ಲ ಅಂದರೆ ಪ್ರಶ್ನೆ ಇಲ್ಲ ಅಂತ ಅಲ್ಲ. ಅಳಿವೆ ಅಂಚಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರನ್ನು ಕೇಳಿ. ಮಳೆ ಉಪ್ಪು ತೊಳೆದು ಹೋಗದಿದ್ದರೆ ಉಪ್ಪು ತಡೆಯುವ ಕಗ್ಗಕ್ಕೂ ಕಷ್ಟ. ಗದ್ದೆಯವರಿಗೂ ಬಳಚಿನವರಿಗೂ ಬೇಕಾಗಿರುವುದು ಒಂದೇ ಲೆಕ್ಕ: ಜೂನ್‌ನಿಂದ ನವೆಂಬರ್ ತನಕ ಮೇಲಿನಿಂದ ಎಷ್ಟು ನೀರು ಬಂದರೆ ಸರಿ?

ಅರ್ಜಿಯಲ್ಲಿ ಇದನ್ನು ಬರಿ ತಂಗಿ. ಜೀವವೈವಿಧ್ಯ ಕಾಪಾಡಬೇಕು ಅಂತ ಎಲ್ಲರೂ ಬರೆಯುತ್ತಾರೆ.

ಕೋಡಿಬಾಗ್_ಹಳಬ
ಗಜನಿಯವರ ಮಾತು ನೂರಕ್ಕೆ ನೂರು. ನೇತ್ರಾವತಿಯಲ್ಲೂ ಇದೇ ಕೆಲಸ ಬೇಕು. ಅದನ್ನು ಸೇರುವ ಎತ್ತಿನಹೊಳೆಯಿಂದ ಸುಮಾರು 24 ಟಿಎಂಸಿ ತಿರುಗಿಸುವ ಯೋಜನೆ, ಮೊದಲ ಹಂತ 2024ರಲ್ಲಿ ಉದ್ಘಾಟನೆಯೂ ಆಯಿತು. ಮಂಗಳೂರಿನ ಅಳಿವೆಯನ್ನು ಈಗಿನಿಂದಲೇ ಅಳೆದಿಟ್ಟವರು ಹತ್ತು ವರ್ಷದ ಮೇಲೆ ರಾಜರು.

ಬಿಲ್_ಎಲ್ಲಿ
ಯಾರೂ ಹೇಳದ ವಿಷಯ ನಾನು ಹೇಳ್ತೀನಿ. ಫೆಲೋಶಿಪ್ ಸಿಕ್ಕ ಮಾತ್ರಕ್ಕೆ ಹಣ ಕೈಗೆ ಬರಲ್ಲ. ನಾನಿದ್ದ ಕಡೆ ತಿಂಗಳುಗಟ್ಟಲೆ ಬಾಕಿ. ಒಂದು ಸಹಿ ಬೇಕಾದವರು ರಜೆಯಲ್ಲಿ, ಇನ್ನೊಂದು ಸಹಿಯವರಿಗೆ ವರ್ಗಾವಣೆ. ಕೊನೆಗೆ ಹಣ ಒಟ್ಟಿಗೆ ಬಂತು, ಅಷ್ಟರಲ್ಲಿ ಬೇಸಿಗೆ ಕಳೆದಿತ್ತು. ಬೇಸಿಗೆ ಕಳೆದರೆ ಅಳಿವೆಯಲ್ಲಿ ಒಂದು ವರ್ಷ ಕಳೆದ ಹಾಗೆಯೇ. ಉಪ್ಪಿನ ಕಾಲ ಮುಂದಿನ ವರ್ಷವೇ.

ಸಿಎಸ್‌ಐಆರ್‌ನಲ್ಲಿ ಕಂಟಿಂಜೆನ್ಸಿ ಅಂತ ವರ್ಷಕ್ಕೆ 20,000 ಇದೆ. ಕೆಮಿಕಲ್, ಬಾಟಲಿ, ಪ್ರಯಾಣ, ದೋಣಿ ಎಲ್ಲ ಅದರಲ್ಲೇ. ನಾನು ದೋಣಿ ಬಾಡಿಗೆ ತೋರಿಸಿದೆ. ಅಕೌಂಟ್ಸ್‌ನವರು ಜಿಎಸ್‌ಟಿ ಬಿಲ್ ತನ್ನಿ ಅಂದರು. ಪಾತಿದೋಣಿಯ ಅಜ್ಜನಿಗೆ ಜಿಎಸ್‌ಟಿ ನಂಬರು ಎಲ್ಲಿಂದ ತರಲಿ?

ಮೀನುಶಾಲೆ
😂😂 ಎಲ್ಲ ಕಡೆಯೂ ಇದೇ ಕಥೆ ಮಾರಾಯ್ರೆ. ಕೈರಶೀದಿ ಬರೆಸಿ. ದೋಣಿಯವರ ಹೆಸರು, ದಿನಾಂಕ, ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆ, ಸಹಿ ಅಥವಾ ಹೆಬ್ಬೆಟ್ಟು. 5,000 ದಾಟಿದರೆ ರೆವಿನ್ಯೂ ಸ್ಟಾಂಪ್ ಅಂಟಿಸಿ. ಕೆಲಸಕ್ಕೆ ಮೊದಲೇ ಗೈಡ್ ಕೈಯಲ್ಲಿ ಒಂದು ಪತ್ರ ಬರೆಸಿ ಅನುಮೋದನೆ ತಗೊಂಡಿರಿ. ಆಮೇಲೆ ಹೋಗಿ ಕೇಳಿದರೆ ಯಾರೂ ಸಹಿ ಹಾಕಲ್ಲ.

ಬಿಲ್_ಎಲ್ಲಿ
ಈ ಸಲಹೆ ಆಗಲೇ ಸಿಕ್ಕಿದ್ದರೆ!

ಹವಳದ_ಹಿಂದೆ
ಪಿಎಚ್‌.ಡಿಗೆ ಮೊದಲು ಸಣ್ಣ ಸಣ್ಣ ಅವಕಾಶಗಳಿವೆ. ಬೆಂಗಳೂರಿನ ವಿಜ್ಞಾನ ಅಕಾಡೆಮಿ ಮತ್ತೆರಡು ಅಕಾಡೆಮಿ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು, ದೇಶದ ಯಾವುದಾದರೂ ಪ್ರಯೋಗಾಲಯದಲ್ಲಿ. ಅರ್ಜಿ ಹಿಂದಿನ ವರ್ಷದ ಕೊನೆಗೇ ಹಾಕಬೇಕು, ಏಪ್ರಿಲ್‌ನಲ್ಲಿ ನೆನಪಾದರೆ ಪ್ರಯೋಜನ ಇಲ್ಲ. ಮೈಸೂರಿನ ಸಂರಕ್ಷಣಾ ಸಂಸ್ಥೆ ಎನ್‌ಸಿಎಫ್ ಲಕ್ಷದ್ವೀಪದ ಹವಳದ ಮೇಲೆ, ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಕಡಲಾಮೆ ಮತ್ತು ಮೀನುಗಾರಿಕೆಯ ಮೇಲೆ ಕೆಲಸ ಮಾಡುತ್ತಾರೆ. ಇಂಟರ್ನ್ ಆಗಿ ಹೋದರೆ ಕ್ಷೇತ್ರದ ಕೆಲಸ ಕೈಗೆ ಹತ್ತುತ್ತದೆ.

ದೋಣಿ ಖರ್ಚಿಗೆ ಬ್ರಿಟನ್ನಿನ ರಫರ್ಡ್ ಫೌಂಡೇಶನ್‌ನ ಸಣ್ಣ ಅನುದಾನ ನೋಡಿ. ಕಾಲೇಜು ಫೀಸು ಕಟ್ಟೋಕೆ ಅಲ್ಲ ಅದು, ಸಂರಕ್ಷಣೆಯ ಕೆಲಸಕ್ಕೆ. ನಿಮ್ಮ ಬಳಚಿನವರ ಜೊತೆ ಸೇರಿ ಮಾಡುವ ಕೆಲಸ ಅಂತ ನಿಜವಾಗಿ ಇದ್ದರೆ ಮಾತ್ರ ಹಾಕಿ. ಸುಮ್ನೆ ಬರೆದರೆ ಓದುವವರಿಗೆ ಗೊತ್ತಾಗುತ್ತದೆ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಸ್ಯಾಂಪಲ್ ತೆಗೆಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ನೆಟ್ ಫಲಿತಾಂಶ ಬರಲಿ, ಆಮೇಲೆ ನೋಡೋಣ ಅಂತ ಕೂರಬೇಡಿ.

ಸುಮ್ನೆ_ಕೇಳಿದೆ
ಹೊರಗಿನ ಮಾರ್ಗದರ್ಶಕರ ವಿಷಯ ನನ್ನ ತಲೆಯಲ್ಲೇ ಇದೆ. ಅದಕ್ಕೆ ಹಣ ಬೇಡ ಅಲ್ವಾ? ನಮ್ಮ ನಿಯಮದಲ್ಲೂ ಡಾಕ್ಟೋರಲ್ ಸಮಿತಿಗೆ ಹೊರಗಿನ ತಜ್ಞರನ್ನು ಕರೆಯುವುದು ಬಹಳ ಕಡೆ ಇದೆ. ಆ ಜಾಗಕ್ಕೆ ಪಕ್ಕದ ವಿಶ್ವವಿದ್ಯಾಲಯದ ಪ್ರೊಫೆಸರ್ ಬದಲು ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಕಾರವಾರದವರನ್ನೋ ಮೀನುಗಾರಿಕೆ ಇಲಾಖೆಯವರನ್ನೋ ಕೂರಿಸಿದರೆ ಅರ್ಧ ಕ್ಯಾಲಿಫೋರ್ನಿಯಾ ಇಲ್ಲೇ ಆಯಿತು.

ಡೇವಿಸ್‌ನಿಂದ
"ನಮ್ಮಲ್ಲಿ ನಡೆಯಲ್ಲ" ಅಂದವರು ನೀವೇ ತಾನೇ 🙂 ಆದರೆ ಸಮಿತಿಯಲ್ಲಿ ಹೆಸರು ಇದ್ದರೆ ಸಾಲದು. ಪ್ರಶ್ನೆ ಬರೆಯುವಾಗಲೇ ಅವರು ಕೂತಿರಬೇಕು. ಎಲ್ಲ ಮುಗಿದ ಮೇಲೆ ಥೀಸಿಸ್ ಕಳಿಸಿದರೆ ಇಲ್ಲಿನ ಅಧಿಕಾರಿಗಳೂ ಓದುವುದಿಲ್ಲ.

ಬಳಚು_ಹುಡುಗಿ
ಎಲ್ಲರಿಗೂ ಥ್ಯಾಂಕ್ಸ್. ನೆಟ್‌ಗೆ ಓದಲು ಕೂತಿದ್ದೇನೆ. ಕೆಸ್ಟೆಪ್ಸ್‌ನ ಕರೆ ಬಂದರೆ ಅದಕ್ಕೂ ಹಾಕುತ್ತೇನೆ. ಪ್ರಸ್ತಾವನೆಯನ್ನು ಅಘನಾಶಿನಿ-ಶರಾವತಿ ಹೋಲಿಕೆಯಾಗಿ ಬದಲಾಯಿಸುತ್ತಿದ್ದೇನೆ. ಗಜನಿ ಅಣ್ಣ, ಪರೀಕ್ಷೆ ಮುಗಿದ ಮೇಲೆ ಬಂದು ನಿಮ್ಮನ್ನು ಕಾಣುತ್ತೇನೆ.

ಒಂದು ತಾಂತ್ರಿಕ ಪ್ರಶ್ನೆ ಉಳಿಯಿತು. ಮರಿ ಬಳಚಿಗೆ ಯಾವ ಜರಡಿ? ನಮ್ಮ ಲ್ಯಾಬಿನಲ್ಲಿ ಇರೋದು 1 ಮಿ.ಮೀ. ಒಂದೇ.

ಗಜನಿ_ಗದ್ದೆ
ಬಾ ತಂಗಿ. ಹುಣ್ಣಿಮೆ ಇಲ್ಲ ಅಮಾವಾಸ್ಯೆ ಹತ್ತಿರ ಬಾ, ನೀರು ಚೆನ್ನಾಗಿ ಇಳಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ತಡವಾಗುತ್ತಾ ಹೋಗುತ್ತದೆ, ಬಸ್ಸಿನ ಟೈಮು ಅದಕ್ಕೆ ಹೊಂದಿಸಿಕೊ.

ಕೋಡಿಬಾಗ್_ಹಳಬ
1 ಮಿ.ಮೀ.ನಲ್ಲಿ ಈಗಷ್ಟೇ ತಳಕ್ಕೆ ಕೂತ ಮರಿ ಜಾರಿ ಹೋಗುತ್ತದೆ. 0.5 ಮಿ.ಮೀ. ತರಿಸು. ಕೆಸರು ಜಾಸ್ತಿ ಇದ್ದರೆ ಮೇಲೆ ಒಂದರದ್ದು, ಕೆಳಗೆ ಅರ್ಧದ್ದು ಇಟ್ಟು ಸೋಸು. ಸ್ಯಾಂಪಲ್ ಕೆಡದಂತೆ ಹಾಕುವ ಫಾರ್ಮಲಿನ್‌ಗೆ ಚೂರು ರೋಸ್ ಬೆಂಗಾಲ್ ಬಣ್ಣ ಹಾಕಿದರೆ ಜೀವ ಇದ್ದದ್ದು ಗುಲಾಬಿಯಾಗಿ ಕಾಣುತ್ತದೆ, ಖಾಲಿ ಚಿಪ್ಪು ಬೆಳ್ಳಗೇ ಉಳಿಯುತ್ತದೆ, ಎಣಿಸಲು ಸುಲಭ. ಮಳೆಗೆ ಮೊದಲಿನ ಸ್ಯಾಂಪಲ್ ಮೇ ಮುಗಿಯುವುದರೊಳಗೆ ತೆಗೆದಿಡು. ಜರಡಿ ಬರೋಕೆ ತಡವಾದರೆ ನಮ್ಮ ಲ್ಯಾಬಿನಲ್ಲಿ ಒಂದಿದೆ, ಖಾಸಗಿ ಮೆಸೇಜ್ ಹಾಕು.